ಸ್ಟೀಮ್ ಏರುವವರೆಗೆ ಈ ನೆಲ ನಮ್ಮದು

ಹೋಟೆಲ್ಲಿನ ಅತಿಥಿಗಳು ಮೇಲಿನ ಮಹಡಿಗಳಲ್ಲಿ ಇನ್ನೂ ಮಗ್ಗುಲು ಬದಲಿಸುತ್ತಿದ್ದಾರೆ. ಕೆಳಗೆ, ನೆಲಮಾಳಿಗೆಯ ಲಾಂಡ್ರಿಯಲ್ಲಿ, ಬಾಯ್ಲರ್ ನೋಡಿಕೊಳ್ಳುವಾತ ವಾಲ್ವ್ ತಿರುಗಿಸುತ್ತಾನೆ. ಗೋಡೆಯುದ್ದಕ್ಕೂ ಓಡಿದ ಪೈಪುಗಳು ಒಮ್ಮೆ ಕೆಮ್ಮಿ, ಗುಡುಗುಡು ಅಂದು ಸುಮ್ಮನಾಗುತ್ತವೆ. ಆತ ಮೀಟರಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, ಹಿಂದಿರುಗಿ ಕೂಗುತ್ತಾನೆ: "ಮುಳ್ಳು ಎದ್ದಿತು ಕಣ್ರಮ್ಮ. ಇನ್ನು ನೀವು ಮಲಗಿ!"

ನಾಲ್ವರು ಹೆಂಗಸರು ಮಲಗುತ್ತಾರೆ.

ಒಗೆಯುವ ಮಷೀನುಗಳಿಗೂ ಚಾದರ ಇಸ್ತ್ರಿ ಮಾಡುವ ದೊಡ್ಡ ರೋಲರಿಗೂ ನಡುವೆ, ತಳ್ಳುಗಾಡಿಗಳನ್ನು ಗೋಡೆಗೆ ಒತ್ತಿದರೆ ಸಿಗುವ ಸಿಮೆಂಟ್ ನೆಲ ಅದು. ಸೋಪಿನ ನೀರು ಕುಡಿದು ಕುಡಿದು ಬೂದಿ ಬಣ್ಣಕ್ಕೆ ತಿರುಗಿದೆ. ಗೋಡೆಯ ಕಡೆಗೆ ಮಲಗಿರುವವಳು ಕಮಾನಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆ, ಆ ಹೆಸರಿನಿಂದ ಹಾಜರಿ ಯಂತ್ರ ಬಿಟ್ಟರೆ ಯಾರೂ ಕರೆಯುವುದಿಲ್ಲ. ಅವಳು ಎರಡೂ ಮೊಣಕಾಲು ಮಡಚಿ, ನಿಧಾನವಾಗಿ ಒಂದು ಪಕ್ಕಕ್ಕೆ ಇಳಿಸುತ್ತಾಳೆ. ಮುಖ ಗಂಟಾಗುತ್ತದೆ. ಅಡಿಯಲ್ಲಿ ಬರೀ ಸಿಮೆಂಟು. ಮೊನ್ನೆ ಮೊನ್ನೆಯವರೆಗೆ ಅಲ್ಲಿ ಮ್ಯಾಟಿನ ತುಂಡುಗಳಿದ್ದವು. ಈಗ ಅವು ಇಲ್ಲ. ಈ ಹೊತ್ತು ಕೂಡ ಅವರಿಗೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಈ ಹೊತ್ತು ಹೋದರೆ ಕಮಾನಕ್ಕನ ಬೆನ್ನು ಹೋಗುತ್ತದೆ, ಬೆನ್ನು ಹೋದರೆ ಕೆಲಸ ಹೋಗುತ್ತದೆ.

ಸ್ಟೀಮ್ ಏರದೆ ರೋಲರ್ ಬಿಸಿಯಾಗುವುದಿಲ್ಲ. ರೋಲರ್ ಬಿಸಿಯಾಗುವ ಹೊತ್ತಿಗಷ್ಟೇ ಹಾಜರಿ ಯಂತ್ರ ಬೆರಳಚ್ಚು ತೆಗೆದುಕೊಳ್ಳುತ್ತದೆ. ಆದರೆ ಸಿಬ್ಬಂದಿಯ ವ್ಯಾನು ಇವರನ್ನು ಅದಕ್ಕೂ ಮೊದಲೇ ತಂದು ಸುರಿಯುತ್ತದೆ, ಏಕೆಂದರೆ ಅದೇ ವ್ಯಾನು ಅಡುಗೆಮನೆಯವರನ್ನು ಕರೆತರಲು ಇನ್ನೊಂದು ಸುತ್ತು ಹೋಗಬೇಕು. ಹೀಗೆ ಸಂಬಳಕ್ಕೂ ಸೇರದ, ಮನೆಗೂ ಸೇರದ ಒಂದಿಷ್ಟು ಹೊತ್ತು ಪ್ರತಿದಿನ ಹುಟ್ಟುತ್ತದೆ. ವರ್ಷಗಳ ಕಾಲ ಇವರು ಅದನ್ನು ಗೋಡೆಗೆ ಒರಗಿ, ಆಕಳಿಸಿ, ಒಬ್ಬರನ್ನೊಬ್ಬರು ಗೇಲಿ ಮಾಡಿ ಕಳೆದಿದ್ದಾರೆ.

ಮೊದಲ ಸಲ ಬೆನ್ನು ಹೋದದ್ದು ಚಾದರದಿಂದ. ಹೋಟೆಲ್ಲಿನ ಚಾದರ ಒಣಗಿದಾಗ ಬಲು ನಾಜೂಕು. ಒದ್ದೆಯಾದಾಗ ಅದು ಬೇರೆಯೇ ಪ್ರಾಣಿ. ಮಷೀನಿನ ಹೊಟ್ಟೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಹಗ್ಗವಾಗಿರುತ್ತದೆ. ಒಂದನ್ನು ಹಿಡಿದು ಎಳೆದರೆ ಉಳಿದವೂ ಜೊತೆಗೆ ಬರುತ್ತವೆ, ಇಲ್ಲವೇ ಎಳೆದವಳನ್ನೇ ಒಳಗೆ ಎಳೆಯುತ್ತವೆ. ಒಂದು ದಿನ ಹಾಗೆ ಬಗ್ಗಿ ಎಳೆದ ಕಮಾನಕ್ಕ ಮೇಲೆ ಏಳಲೇ ಇಲ್ಲ.

"ಬಗ್ಗಿದವಳು ಬಗ್ಗಿದ ಹಾಗೇ ನಿಂತುಬಿಟ್ಟೆ. ಉಸಿರು ಬಿಟ್ಟರೂ ನೋವು, ಹಿಡಿದರೂ ನೋವು. ಇವಳೊಬ್ಬಳು ಬಂದು, ಏನಕ್ಕಾ ಚಿಲ್ಲರೆ ಬಿತ್ತಾ ಅಂತ ತಾನೂ ಬಗ್ಗಿ ಹುಡುಕ್ತಾಳೆ!"

ಇವಳೊಬ್ಬಳು ಅಂದರೆ ರೇಡಿಯೋ. ಟವೆಲ್ಲಿನ ವಿಭಾಗದವಳು, ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಆ ಹೆಸರು. ಬೆನ್ನು ಹಿಡಿದವಳು ಆ ವಾರವೆಲ್ಲ ಬಾಗಿಕೊಂಡೇ ಓಡಾಡಿದ್ದನ್ನು ನೋಡಿ ಬಾಯ್ಲರಣ್ಣ ಅವಳಿಗೆ ಕಮಾನು ಎಂದು ಹೆಸರಿಟ್ಟ. ಅದು ಅಂಟಿಕೊಂಡಿತು. ನಗು ನಗುವೇ, ಆದರೆ ಎಲ್ಲರಿಗೂ ಗೊತ್ತಿತ್ತು: ಕಮಾನಕ್ಕನಿಗಿಂತ ಮೊದಲು ಆ ಮಷೀನಿನ ಮುಂದಿದ್ದ ಹೆಂಗಸಿನ ಸೊಂಟ ಹಿಡಿದುಕೊಂಡಾಗ ಯಾರೂ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಗುತ್ತಿಗೆ ಮುಂದುವರಿಸಲಿಲ್ಲ, ಅಷ್ಟೆ. ಕೈ ತೊಳೆದುಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಡಾಕ್ಟರು ಬೆನ್ನು ಒತ್ತಿ ನೋಡಿ, ಮಾತ್ರೆ ಬರೆದು, ಮುಂದಿನವರನ್ನು ಕರೆಯುತ್ತ ಹೇಳಿದ್ದು ಇಷ್ಟು: "ದಿನಾ ಯೋಗ ಮಾಡಮ್ಮ. ಖರ್ಚಿಲ್ಲದ ಔಷಧಿ."

ಖರ್ಚಿಲ್ಲ ಎಂದು ಹೇಳುವವರೆಲ್ಲರ ಮನೆಯಲ್ಲೂ ಖಾಲಿ ನೆಲ ಇರುತ್ತದೆ. ವಾರಾಂತ್ಯದ ಪುಟಗಳೂ ಅದನ್ನೇ ಬರೆಯುತ್ತವೆ: ಒಂದು ಮೂಲೆ, ಒಂದು ಮ್ಯಾಟು, ಒಂದಿಷ್ಟು ಮೌನ ಸಾಕು, ಇಂದೇ ಶುರು ಮಾಡಿ. ಕಮಾನಕ್ಕನ ಮನೆಯೆಂದರೆ ಒಂದೇ ಕೋಣೆ. ಅದಕ್ಕೂ ನಾಲ್ಕು ಮೂಲೆ ಇವೆ. ಒಂದರಲ್ಲಿ ಒಲೆ, ಒಂದರಲ್ಲಿ ಅತ್ತೆಯ ಮಂಚ, ಒಂದರಲ್ಲಿ ನೀರಿನ ಡ್ರಮ್ಮು, ನಾಲ್ಕನೆಯದರಲ್ಲಿ ಬಾಗಿಲು ತೆರೆದುಕೊಳ್ಳಬೇಕು. ನಡುವೆ ಉಳಿದ ಜಾಗದಲ್ಲಿ ರಾತ್ರಿ ಇಬ್ಬರು ಹೆಣ್ಣುಮಕ್ಕಳು, ಬೆಳಗ್ಗೆ ರಾತ್ರಿಪಾಳಿ ಕಾವಲು ಮುಗಿಸಿ ಬರುವ ಗಂಡ. ಮೌನದ ಮಾತಂತೂ ಎತ್ತಲೇಬಾರದು. ಪಕ್ಕದ ಮನೆಯವರು ಹಲ್ಲುಜ್ಜುವುದೂ ಕೇಳಿಸುತ್ತದೆ.

ಆದರೂ ಒಂದು ಸಂಜೆ ಮಕ್ಕಳನ್ನು ಹೊರಗೆ ಕಳಿಸಿ ಮಲಗಿ ನೋಡಿದಳು. ಬಲಗೈ ಚಾಚಿದರೆ ಮಂಚದ ಕೆಳಗೆ ಹೋಗುತ್ತದೆ, ಎಡಗೈ ಚಾಚಿದರೆ ಗ್ಯಾಸ್ ಸಿಲಿಂಡರಿಗೆ ಬಡಿಯುತ್ತದೆ. ಕಾಲೆತ್ತಿದರೆ ಮೇಲೆ ಒಣಹಾಕಿದ ಬಟ್ಟೆ ಮುಖದ ಮೇಲೆ ಬೀಳುತ್ತದೆ. ಮಂಚದಿಂದ ಅತ್ತೆ ಇಣುಕಿ ನೋಡಿದರು.

"ಏನೇ ಅದು, ದಡಕ್ಕೆ ಬಿದ್ದ ಮೀನು ಒದ್ದಾಡಿದ ಹಾಗೆ?"

"ಯೋಗ ಅತ್ತೆ. ಬೆನ್ನಿಗೆ."

"ಬೆನ್ನಿಗೆ ನಾಲ್ಕು ದಿನ ಮಲಗಬೇಕು."

"ಮಲಗೋಕೂ ಜಾಗ ಬೇಕಲ್ಲ ಅತ್ತೆ."

ಅತ್ತೆ ಗೋಡೆಯ ಕಡೆಗೆ ಹೊರಳಿಕೊಂಡರು. ಮನೆಯಲ್ಲಿ ಮಂಚ ಇರುವುದು ಒಂದೇ.

ಉದ್ಯಾನವನ ಇದೆಯಲ್ಲ ಎನ್ನಬಹುದು. ಅವಳೂ ಹೋದಳು. ಹುಲ್ಲಿನ ಮೇಲೆ ಕೂರಬಾರದು ಎಂದು ಕಾವಲಿನವ ಎಬ್ಬಿಸಿದ. ಕಲ್ಲುದಾರಿಯ ಅಂಚಿನಲ್ಲಿ ಕೂತರೆ ನಡೆಯುವ ಗಂಡಸರೆಲ್ಲ ಅದೇ ಜಾಗಕ್ಕೆ ಬಂದು ನಿಧಾನವಾದರು. ಬಡಾವಣೆಯ ಸಭಾಂಗಣದಲ್ಲಿ ಉಚಿತ ತರಗತಿ ಎಂದು ಹಲಗೆ ನೇತುಹಾಕಿದ್ದರು. ಮೊದಲ ದಿನ ಉಚಿತ. ಎರಡನೆಯ ದಿನ ಸಂಸ್ಥೆಯ ಹೆಸರು ಅಚ್ಚು ಹಾಕಿದ ಟೀಶರ್ಟು ಕೊಳ್ಳಬೇಕು, ಸ್ವಂತ ಮ್ಯಾಟು ತರಬೇಕು. ಗುರುಗಳು ದುರಾಸೆಯನ್ನು ಬಿಡುವ ಬಗ್ಗೆ ತುಂಬ ಚೆನ್ನಾಗಿ ಮಾತಾಡಿದರಂತೆ. ಟೀಶರ್ಟಿನ ಬೆಲೆಯನ್ನು ಅವರು ಹೇಳಲಿಲ್ಲ, ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸು ಹೇಳಿದಳು.

ಮ್ಯಾಟುಗಳು ಕಮಾನಕ್ಕನಿಗೆ ಹೊಸದಲ್ಲ. ಅವಳಷ್ಟು ಮ್ಯಾಟುಗಳನ್ನು ಮುಟ್ಟಿದವರು ಊರಲ್ಲಿ ಇನ್ನೊಬ್ಬರಿರಲಾರರು. ಹೋಟೆಲ್ಲಿನ ಮೇಲ್ಮಹಡಿಯಲ್ಲಿ ಅತಿಥಿಗಳಿಗಾಗಿ ಯೋಗದ ಹಾಲ್ ಇದೆ. ಅಲ್ಲಿನ ಮ್ಯಾಟುಗಳು ತೊಳೆಯಲು ಇಲ್ಲಿಗೇ ಇಳಿಯುತ್ತವೆ. ಅಂಚು ಸ್ವಲ್ಪ ಎದ್ದರೆ, ಒಂದು ಕಲೆ ಉಳಿದರೆ ಅವು ಮತ್ತೆ ಮೇಲೆ ಹೋಗುವುದಿಲ್ಲ. ಹಾಗೆ ತಳ್ಳಿದ್ದನ್ನು ಕೆಲಸದವರು ಮನೆಗೆ ಒಯ್ಯಬಾರದು. ಒಯ್ದರೆ ಬೇಕೆಂದೇ ಹಾಳುಮಾಡುತ್ತಾರೆ ಎಂಬುದು ಆಡಳಿತದ ಲೆಕ್ಕಾಚಾರ. ಆದ್ದರಿಂದ ಸೂಪರ್‌ವೈಸರ್ ಎದುರಿಗೆ ನಿಂತು ಅದನ್ನು ಕತ್ತರಿಸಿಹಾಕಿಸಬೇಕು. ಹರಿದ ಚಾದರಕ್ಕೂ ಇದೇ ಗತಿ, ಟವೆಲ್ಲಿಗೂ ಇದೇ. ಕತ್ತರಿ ಹಿಡಿಯುವವಳು ಕಮಾನಕ್ಕ.

"ಡಾಕ್ಟರ ಹತ್ತಿರ ಹೋಗಿ ಬಂದ ವಾರವೇ ಒಂದು ಬಂತು. ನೀಲಿ ಬಣ್ಣದ್ದು. ಒಂದು ಮೂಲೆ ಬಿಟ್ಟರೆ ಏನೂ ಆಗಿರಲಿಲ್ಲ. ಮೇಡಂ, ಇದು ಕೊಡ್ತೀರಾ, ಬೆನ್ನಿಗೆ ಅಂದೆ. ಕೊಟ್ಟರೆ ನನ್ನ ಕೆಲಸಕ್ಕೇ ಕುತ್ತು ಬರುತ್ತೆ ಅಂದ್ರು ಅವರು. ಕತ್ತರಿಸಿದೆ. ನನ್ನ ಕೈಯಾರೆ. ಕತ್ತರಿಸೋವಾಗ ಬೆನ್ನು ಚಳುಕ್ ಅಂತು, ನೋಡಿ ಅದರ ಸೊಕ್ಕು!"

ಕತ್ತರಿಸಿದ ತುಂಡು ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ಅದು ಚಿಂದಿ. ಮಷೀನು ಅದುರದಂತೆ ಕಾಲಿಗೆ ಕೊಡಬಹುದು, ಒದ್ದೆ ನೆಲದ ಮೇಲೆ ಹಾಸಿ ನಿಲ್ಲಬಹುದು. ಉಪಾಯ ಮೊದಲು ಹೊಳೆದದ್ದು ಬಾಯ್ಲರಣ್ಣನಿಗೆ. "ಪೂರ್ತಿ ಮ್ಯಾಟ್ ಯಾಕಮ್ಮಾ? ನೆಲಕ್ಕೆ ತಗಲೋದು ಎರಡು ಕೈ, ಎರಡು ಕಾಲು. ಅಷ್ಟಕ್ಕೆ ಹಾಕ್ಕೋ. ಹೇಗೂ ಸ್ಟೀಮ್ ಏರೋವರೆಗೆ ಇಲ್ಲಿ ಕಂಬದ ಹಾಗೆ ನಿಂತಿರ್ತೀಯ."

ಹಾಗೆ ಶುರುವಾಯಿತು. ಕೈಗೆ ಎರಡು ತುಂಡು, ಕಾಲಿಗೆ ಎರಡು. ಮಲಗುವಾಗ ಅವನ್ನೇ ತಲೆಗೊಂದು, ಸೊಂಟಕ್ಕೆರಡು, ಹಿಮ್ಮಡಿಗೊಂದು ಸರಿಸಿಕೊಳ್ಳುವುದು. ಸ್ವಲ್ಪ ದಿನಕ್ಕೆ ರೇಡಿಯೋ ಸೇರಿದಳು. ಹರಿದ ಬಟ್ಟೆಗೆ ಹೊಲಿಗೆ ಹಾಕುವ ಸೂಜಿ ಸೇರಿದಳು. ಒಗೆಯುವ ಮಷೀನಿನ ಹಿರಿಯಳು, ಎಲ್ಲರಿಗೂ ದೊಡ್ಡಮ್ಮ, "ನಾನು ಬರೀ ನೋಡ್ತೀನಿ ಕಣ್ರೇ" ಅನ್ನುತ್ತಲೇ ಒಂದು ದಿನ ಕಾಲು ಚಾಚಿದಳು. ಹಾಕಿಕೊಳ್ಳಲು ಗಂಡಂದಿರ ಹಳೇ ಪ್ಯಾಂಟು, ಸೊಂಟಕ್ಕೆ ಚಾದರದ ಅಂಚಿನ ಪಟ್ಟಿ. "ನಮ್ಮೆಜಮಾನ್ರಿಗೆ ಈ ಪ್ಯಾಂಟು ಇಷ್ಟು ಚೆನ್ನಾಗಿ ಕಾಣ್ತಾ ಇರಲಿಲ್ಲ" ಎಂದು ದೊಡ್ಡಮ್ಮ ಈಗಲೂ ಹೇಳುತ್ತಾಳೆ.

ಗುರು ಮಾತ್ರ ಇರಲಿಲ್ಲ. ರೇಡಿಯೋಳ ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಬೆನ್ನುನೋವಿಗೆ ಎಂದು ಬರೆದಿತ್ತು, ಉಚಿತ ಎಂದೂ ಬರೆದಿತ್ತು. ಫೋನನ್ನು ಸೋಪಿನ ಡಬ್ಬಕ್ಕೆ ಒರಗಿಸಿ ನಾಲ್ವರೂ ನೋಡಿ ಮಾಡಿದರು. ಬಲಗಾಲು ಮುಂದೆ, ಬಲಗಡೆಗೆ ತಿರುವು, ಬಲ ಮೊಣಕಾಲು ಎದೆಗೆ. ಆಮೇಲೆ ಪರದೆ ಕಪ್ಪಾಗಿ ಏನೋ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಮುಗಿಯಿತು ಎಂದುಕೊಂಡು ಎದ್ದು ಹೋಗಿ ಬೆರಳು ಒತ್ತುತ್ತಿದ್ದರು.

ಹೀಗೆ ಒಂದು ಮಳೆಗಾಲ ಕಳೆಯಿತು. ಕಮಾನಕ್ಕ ನೆಟ್ಟಗಾದಳು. ಆದರೆ ನಡೆಯುವಾಗ ಬಲಕ್ಕೆ ಎಳೆಯತೊಡಗಿತು. ಎಡಗಡೆ ಸೊಂಟ ಹಲಗೆಯಾಯಿತು. "ಮೊದಲು ಮುಂದಕ್ಕೆ ಬಾಗ್ತಿದ್ದೆ, ಈಗ ಪಕ್ಕಕ್ಕೆ ವಾಲ್ತಿದ್ದೀಯಲ್ಲಮ್ಮ. ಬೋಲ್ಟು ಒಂದೇ ಕಡೆ ಬಿಗಿ ಮಾಡ್ತಿದ್ದೀರೇನು?" ಅಂದ ಬಾಯ್ಲರಣ್ಣ. ಸೂಜಿ ಆ ದಿನ ಫೋನನ್ನು ಕೈಗೆ ತೆಗೆದುಕೊಂಡು ಕಪ್ಪು ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಮುಂದಿನ ಭಾಗ ನೋಡಲು ತಿಂಗಳ ಶುಲ್ಕ ಕಟ್ಟಿ ಎಂದಿತ್ತು.

ಮುಂದಿನ ಭಾಗ ಎಂದರೆ ಎಡಗಡೆ.

"ಯಾರಿಗಾದರೂ ಹೇಳಿದರೆ ನಗ್ತಾರೆ" ಅನ್ನುತ್ತಾಳೆ ಕಮಾನಕ್ಕ. ಅವಳು ನಗುವುದಿಲ್ಲ. "ಬಲಗಡೆ ಧರ್ಮಕ್ಕೆ, ಎಡಗಡೆ ದುಡ್ಡಿಗೆ. ಮನುಷ್ಯರನ್ನ ನಡುವಿಗೆ ಸೀಳಿ ಮಾರೋರೂ ಇದ್ದಾರಾ? ನಾನು ಮಾಡ್ತಿರೋದು ಪೂರ್ತಿ ಅಂದ್ಕೊಂಡು ಮಾಡಿದೆನಲ್ಲ, ಅದಕ್ಕೆ ಇನ್ನೂ ಹೊಟ್ಟೆ ಉರಿಯುತ್ತೆ."

ಶುಲ್ಕ ಕಟ್ಟಲಿಲ್ಲ. ಎಡಗಡೆಯನ್ನು ಅವರು ಚಾದರದಿಂದ ತಂದುಕೊಂಡರು. ದೊಡ್ಡ ಚಾದರ ಮಡಚುವಾಗ ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬಳು ಯಾವ ಕೈ ತಂದಳೋ ಎದುರಿನವಳು ಅದರ ಎದುರಿನ ಕೈ ತರಬೇಕು, ಇಲ್ಲದಿದ್ದರೆ ಚಾದರ ತಿರುಚಿಕೊಳ್ಳುತ್ತದೆ. ಅದು ಇವರ ಕೈಗಳಿಗೆ ಕೇಳದೆಯೇ ಬರುವ ವಿದ್ಯೆ. ಹಾಗೇ ಎದುರುಬದುರು ಕೂತರು. ಒಬ್ಬಳು ವಿಡಿಯೋದಂತೆ ಬಲಕ್ಕೆ ತಿರುಗಿದರೆ ಎದುರಿನವಳು ಅವಳನ್ನು ನೋಡಿಕೊಂಡು ಎಡಕ್ಕೆ. ಆಮೇಲೆ ಅದಲುಬದಲು. ಮೊದಮೊದಲು ಎಷ್ಟೋ ಸಲ ತಲೆಗೆ ತಲೆ ಡಿಕ್ಕಿ ಹೊಡೆದದ್ದುಂಟು. ಎರಡು ತಿಂಗಳಲ್ಲಿ ಕಮಾನಕ್ಕನ ನಡಿಗೆ ಸರಿಹೋಯಿತು. ಒದ್ದೆ ಚಾದರ ಎಳೆದು ಮನೆಗೆ ಹೋದಮೇಲೂ ಒಲೆಯ ಮುಂದೆ ನಿಲ್ಲುವಷ್ಟು ಬೆನ್ನು ಉಳಿಯತೊಡಗಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಕಥೆಯಾಗುತ್ತಿತ್ತು.

ಒಂದು ಬೆಳಗ್ಗೆ ಮ್ಯಾನೇಜರ್ ಯಾವುದೋ ಸೋರುವ ಪೈಪು ನೋಡಲು ಕೆಳಗೆ ಬಂದವರು ಇವರನ್ನು ಕಂಡರು. ಬೈಯಲಿಲ್ಲ. ಕೈ ಜೋಡಿಸಿ "ಅದ್ಭುತ" ಎಂದರು. ಮೂರನೆಯ ದಿನ ನಾಲ್ವರನ್ನೂ ಮೇಲ್ಮಹಡಿಯ ಹಾಲ್‌ಗೆ ಕರೆಸಿದರು. ಮೈಗೆ ಒಂದೇ ಬಣ್ಣದ ಹೊಸ ಬಟ್ಟೆ, ಕಾಲಡಿಗೆ ಹೊಸ ಮ್ಯಾಟು. ಕ್ಯಾಮೆರಾದವನು ಬಂದ. ಆ ಹಾಲ್‌ನ ಮ್ಯಾಟುಗಳನ್ನು ವರ್ಷಗಟ್ಟಲೆ ತೊಳೆದಿದ್ದರೂ ಕಮಾನಕ್ಕ ಅಲ್ಲಿ ಕಾಲಿಟ್ಟದ್ದು ಅದೇ ಮೊದಲು.

"ಇಷ್ಟಗಲ ಕಿಟಕಿ. ಮರದ ನೆಲ. ಮಲಗಿ ಎರಡೂ ಕೈ ಪೂರ್ತಿ ಚಾಚಿದೆ. ಏನೂ ತಗಲಲಿಲ್ಲ. ಇನ್ನೂ ಚಾಚಿದೆ. ಆಗಲೂ ಏನೂ ತಗಲಲಿಲ್ಲ" ಎನ್ನುವಾಗ ಅವಳ ದನಿ ಸ್ವಲ್ಪ ತಗ್ಗುತ್ತದೆ.

ಫೋಟೊ ಆದಮೇಲೆ ಬಟ್ಟೆ ಬಿಚ್ಚಿ ಕೊಡಲು ಹೇಳಿದರು. ಮ್ಯಾಟು ಸುತ್ತಿಟ್ಟರು. ಹಾಲ್‌ಗೆ ಬೀಗ ಹಾಕಿದರು. ಆ ಬಟ್ಟೆಗಳು ಮಧ್ಯಾಹ್ನ ಒಗೆಯಲು ಇವರ ಹತ್ತಿರವೇ ಬಂದವು.

ವಾರದೊಳಗೆ ಸಿಬ್ಬಂದಿಯ ಗೇಟಿನಲ್ಲಿ, ಅತಿಥಿಗಳ ಲಿಫ್ಟಿನಲ್ಲಿ ಅದೇ ಫೋಟೊದ ಪೋಸ್ಟರ್ ಬಂತು: ನಮ್ಮ ಸಿಬ್ಬಂದಿಯ ಆರೋಗ್ಯವೇ ನಮ್ಮ ಹೆಮ್ಮೆ. ಅದರ ಬೆನ್ನಿಗೇ ಸೂಪರ್‌ವೈಸರ್ ಬಾಯಲ್ಲಿ ಒಂದು ಆದೇಶವೂ ಬಂತು. ಸ್ಟೀಮ್ ಏರುವ ಹೊತ್ತಿನಲ್ಲಿ ಲಾಂಡ್ರಿಯವರು ಬಿಡುವಾಗಿರುವುದು ಆಡಳಿತದ ಗಮನಕ್ಕೆ ಬಂದಿದೆ, ಇನ್ನು ಮುಂದೆ ಆ ಹೊತ್ತಿನಲ್ಲಿ ಟವೆಲ್ ಎಣಿಸಿ ಜೋಡಿಸಬೇಕು. ಹಾಜರಿ ಮಾತ್ರ ಎಂದಿನ ಹೊತ್ತಿಗೇ.

ಕಮಾನಕ್ಕ ಮ್ಯಾನೇಜರ್ ಕೋಣೆಗೆ ಹೋದಳು. ಉಳಿದ ಮೂವರೂ ಹಿಂದೆ.

"ನೋಡಮ್ಮ, ಹೇಗೂ ಖಾಲಿ ಇರ್ತೀರಿ. ಎಣಿಸಿಟ್ಟರೆ ಆಮೇಲೆ ನಿಮಗೇ ಹಗುರ."

"ಎಣಿಸ್ತೀವಿ ಸಾರ್. ಮೊದಲು ಬೆರಳು ಒತ್ತಿಸ್ಕೊಳ್ಳಿ."

"ಸ್ಟೀಮ್ ಇಲ್ಲದೆ ಶಿಫ್ಟ್ ಶುರುವಾಗಲ್ಲ. ಅದು ರೂಲ್ಸು."

"ಶಿಫ್ಟ್ ಶುರುವಾಗದೆ ಕೆಲಸ ಹೇಗೆ ಸಾರ್ ಶುರುವಾಗುತ್ತೆ?"

"ಯೋಗಕ್ಕೆ ಜಾಗ ಕೊಟ್ಟಿದ್ದೀವಿ. ಆ ಉಪಕಾರದ ನೆನಪಾದರೂ ಬೇಡ್ವಾ?"

"ಜಾಗ ನೀವು ಕೊಟ್ಟಿದ್ದಲ್ಲ. ಗಾಡಿ ತಳ್ಳಿ ನಾವು ಮಾಡ್ಕೊಂಡಿದ್ದು."

ಮ್ಯಾನೇಜರ್ ಮುಖ ಕೆಂಪಗಾಯಿತು. ಆ ಮ್ಯಾಟಿನ ತುಂಡುಗಳು ಹೋಟೆಲ್ಲಿನ ಆಸ್ತಿ, ಯಾರನ್ನು ಕೇಳಿ ಬಳಸುತ್ತಿದ್ದೀರಿ ಎಂದರು. ಚಿಂದಿಗೆ ಅಂದೇ ಮೊದಲ ಸಲ ಮಾಲೀಕರು ಹುಟ್ಟಿದರು. ಹೆಂಗಸರು ಕೆಳಗೆ ಇಳಿದರು. ಹತ್ತು ನಿಮಿಷದಲ್ಲಿ ಮತ್ತೆ ಮೇಲೆ ಬಂದರು. ತುಂಡುಗಳನ್ನೆಲ್ಲ ತಂದು ಅವರ ಮೇಜಿನ ಮೇಲೆ ಸುರಿದರು. "ಎಣಿಸ್ಕೊಳ್ಳಿ ಸಾರ್" ಅಂದಳು ರೇಡಿಯೋ, "ನೀವೂ ಈಗ ಖಾಲಿ ಇದ್ದೀರಲ್ಲ."

ತುಂಡುಗಳು ಹೋಗಿ ಬರೀ ಸಿಮೆಂಟು ಉಳಿದದ್ದು ಹೀಗೆ. ಅಂದಿನಿಂದ ಟವೆಲ್ಲುಗಳು ಎಣಿಸದೆ ಹಾಗೇ ಬಿದ್ದಿರುತ್ತವೆ. ಹೆಂಗಸರು ಮಲಗುತ್ತಾರೆ, ತಿರುಗುತ್ತಾರೆ, ಏಳುತ್ತಾರೆ, ಸ್ಟೀಮ್ ಬಂದಮೇಲೆ ಬೆರಳು ಒತ್ತಿ ಎಣಿಸುತ್ತಾರೆ. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾಳೆ. ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತದೆ. ಮುಂದುವರಿಯುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ, ಹೇಳದೆ ಇರುವುದೇ ಅವರ ಬೆದರಿಕೆ. ದೊಡ್ಡಮ್ಮನಿಗೆ ಮನೆಯಲ್ಲಿ ಹೆದರಿಸಿದ್ದಾರೆ, ಆದರೂ ಬಂದು ಮಲಗುತ್ತಾಳೆ. "ಈ ವಯಸ್ಸಲ್ಲಿ ಬಗ್ಗೋದು ಕಲಿತಿದ್ದೀನಿ, ಇನ್ನು ಯಾರಿಗೂ ಬಗ್ಗಲ್ಲ" ಎಂದು ತಾನೇ ಹೇಳಿ ತಾನೇ ಕಿಸಕ್ಕನೆ ನಗುತ್ತಾಳೆ.

ಸ್ಟೀಮ್ ಬೇಗ ಬರಿಸಲು ಆಗದೇ ಎಂದು ಮ್ಯಾನೇಜರ್ ಬಾಯ್ಲರಣ್ಣನನ್ನೂ ಕರೆದು ಕೇಳಿದ್ದಾರೆ. "ನೀರು ನನ್ನ ಮಾತು ಕೇಳಲ್ಲ ಸಾರ್, ನೀವೇ ಒಂದ್ಸಲ ಹೇಳಿ ನೋಡಿ" ಎಂದು ಬಂದಿದ್ದಾನೆ. ಅವನದೂ ಗುತ್ತಿಗೆಯೇ.

ಮೀಟರಿನ ಮುಳ್ಳು ಅರ್ಧ ದಾಟಿದೆ. ಕಮಾನಕ್ಕ ಎದ್ದು ಕೂತು ಹಿಮ್ಮಡಿಗೆ ಅಂಟಿದ ಸಿಮೆಂಟಿನ ಪುಡಿ ಒರೆಸಿಕೊಳ್ಳುತ್ತಾಳೆ. ನಿನಗೇನು ಬೇಕು ಎಂದು ಕೇಳಿದರೆ ಉತ್ತರಕ್ಕೆ ತಡವರಿಸುವುದಿಲ್ಲ.

"ಮ್ಯಾಟ್ ಬೇಡ, ಹಾಲ್ ಬೇಡ. ಈ ಹೊತ್ತು ನಮ್ಮದು, ಅದನ್ನ ಕೇಳೋ ಮಾತೇ ಇಲ್ಲ, ಇಟ್ಕೋತೀವಿ. ಗೇಟಲ್ಲಿರೋ ಆ ಫೋಟೊ ಇಳಿಸಲಿ. ಅಷ್ಟು ಮಾಡಲಿ ಸಾಕು."

"ಯಾಕಕ್ಕಾ?" ರೇಡಿಯೋ ಕೆಣಕುತ್ತಾಳೆ. "ನಮ್ಮೆಲ್ಲರಿಗಿಂತ ನೀನೇ ಚೆನ್ನಾಗಿ ಬಂದಿದ್ದೀಯ ಅದರಲ್ಲಿ."

"ಅದಕ್ಕೇ ಕಣೆ" ಅನ್ನುತ್ತಾಳೆ ಕಮಾನಕ್ಕ. "ಅವರ ಹೆಮ್ಮೆ ಅನ್ನೋ ಮಾತಿನ ಕೆಳಗೆ ನಾನು ನಿಜವಾಗ್ಲೂ ನಕ್ಕುಬಿಟ್ಟಿದ್ದೀನಿ."